ಆರ್‌ಸಿ ಗಾಡಿಯ ಲೈಟು, ಫ್ಯಾನು, ವಿಂಚಿಗೆ ಕರೆಂಟ್ ಎಲ್ಲಿಂದ ತೆಗೆಯೋದು? ಬೇರೆ ಬೇರೆ ದಾರಿ ಹಾಕಿ ನೋಡಿದ ಮೇಲೆ

ಕ್ರಾಲರ್‌ಗೆ (ಬಂಡೆ ಹತ್ತುವ ಆರ್‌ಸಿ, ಅಂದರೆ ರಿಮೋಟ್ ಕಂಟ್ರೋಲ್ ಗಾಡಿಗೆ) ಲೈಟ್ ಹಾಕಲು ಹೊರಟವರು ಮೊದಲು ಕೇಳುವುದು "ಬ್ಯಾಟರಿ ಬೇಗ ಖಾಲಿ ಆಗಲ್ವಾ?" ಅಂತ. ಆಗಲ್ಲ. ನನ್ನ ಗಾಡಿಯಲ್ಲಿ ಎಂಟು ಬಿಳಿ, ನಾಲ್ಕು ಕೆಂಪು ಎಲ್‌ಇಡಿ ಇವೆ. ಒಂದೊಂದಕ್ಕೆ 20 ಮಿಲಿಆಂಪ್ ಅಂತ ಹಿಡಿದರೂ ಒಟ್ಟು 240. 6 ವೋಲ್ಟ್‌ನಲ್ಲಿ ಅದು ಒಂದೂವರೆ ವ್ಯಾಟ್‌ನ ಆಸುಪಾಸು. 2ಎಸ್ (ಎರಡು ಸೆಲ್, 7.4 ವೋಲ್ಟ್) 5000 ಮಿಲಿಆಂಪ್‌ಅವರ್ ಲಿಪೊದಲ್ಲಿ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ, 37 ವ್ಯಾಟ್‌ಅವರ್ ಇರುತ್ತದೆ. ಬರೀ ಲೈಟ್ ಉರಿಸಿಕೊಂಡು ಕೂತರೆ ಇಪ್ಪತ್ತು ಗಂಟೆ ಕೂರಬಹುದು. ಬ್ಯಾಟರಿ ತಿನ್ನುವುದು ಮೋಟರ್, ಲೈಟ್ ಅಲ್ಲ.

ತೊಂದರೆ ಇರುವುದು ಬೇರೆ ಕಡೆ. ಲೈಟು, ಫ್ಯಾನು, ವಿಂಚಿಗೆ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರಕ್ಕೆ) ಕರೆಂಟ್ ತೆಗೆಯುವ ಜಾಗ ಸರಿಯಿಲ್ಲದಿದ್ದರೆ ಏಟು ಬೀಳುವುದು ಚಕ್ರ ತಿರುಗಿಸುವ ಸ್ಟೇರಿಂಗ್ ಸರ್ವೊಗೆ, ಅದರ ಹಿಂದೆಯೇ ರಿಮೋಟ್‌ನ ಮಾತು ಕೇಳಿಸಿಕೊಳ್ಳುವ ರಿಸೀವರ್‌ಗೆ. ಬಂಡೆಯ ಅಂಚಿನಲ್ಲಿ ಗಾಡಿ ಒಂದೆರಡು ಸೆಕೆಂಡ್ ಮಾತು ಕೇಳದೆ ನಿಂತರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಹಾಗಾಗಿ ಪ್ರತಿ ದಾರಿಯನ್ನೂ ನಾನು ಅಳೆದಿದ್ದು ಒಂದೇ ಪ್ರಶ್ನೆಯಿಂದ: ಇದು ಸ್ಟೇರಿಂಗ್‌ನ ಪಾಲಿಗೆ ಕೈ ಹಾಕುತ್ತದಾ, ಇಲ್ವಾ?

ಗಾಡಿಯ ವಿವರ ಚಿಕ್ಕದಾಗಿ: 1/10 ಅಳತೆಯ ಕ್ರಾಲರ್, ಬ್ರಶ್ಡ್ ಮೋಟರ್, ಸಾಮಾನ್ಯವಾಗಿ 2ಎಸ್ ಬ್ಯಾಟರಿ, ಆಗಾಗ 3ಎಸ್. ಸ್ಟೇರಿಂಗ್‌ಗೆ 25 ಕೆಜಿ (ತೂಕವಲ್ಲ, ತಿರುಗಿಸುವ ಬಲ) ಡಿಜಿಟಲ್ ಸರ್ವೊ. ಮೇಲಿಂದ ಲೈಟ್ ಕಿಟ್, ಮೋಟರ್ ಮೇಲೆ ಒಂದು ಪುಟ್ಟ ಫ್ಯಾನ್, ಮುಂದೆ ವಿಂಚ್. ಓಡಿಸುವುದು ಮಾಗಡಿ ಕಡೆಯ ಬಂಡೆಗಳ ಮೇಲೆ. ಮಳೆಗಾಲದಲ್ಲಿ ಸಣ್ಣ ಹಳ್ಳಕ್ಕೂ ಇಳಿಸುತ್ತೇನೆ.

ರಿಸೀವರ್‌ನ ಖಾಲಿ ಚಾನೆಲ್

ಎಲ್ಲಕ್ಕಿಂತ ಸುಲಭ ಇದೇ. ಲೈಟ್‌ನ ಪ್ಲಗ್ ತಗೊಂಡು ಖಾಲಿ ಚಾನೆಲ್‌ಗೆ ಚುಚ್ಚಿದರೆ ಮುಗೀತು. ಸೋಲ್ಡರ್ ಬೇಡ, ಏನೂ ಬೇಡ. ಚಾನೆಲ್ ಖಾಲಿ ಇಲ್ಲದಿದ್ದರೆ ವೈ ಕೇಬಲ್ ಹಾಕಿ.

ಆದರೆ ಆ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ನೋಡಿ. ಮೇನ್ ಬ್ಯಾಟರಿಯ 7.4 ವೋಲ್ಟನ್ನು ಇಎಸ್‌ಸಿ (ಮೋಟರ್‌ನ ವೇಗ ನಿಯಂತ್ರಿಸುವ ಡಬ್ಬಿ) ಒಳಗಿನ ಬಿಇಸಿ ಅನ್ನುವ ಭಾಗ 6 ವೋಲ್ಟ್‌ಗೆ ಇಳಿಸಿ ರಿಸೀವರ್‌ಗೆ ಕೊಡುತ್ತದೆ. ರಿಸೀವರ್‌ನ ಎಲ್ಲ ಚಾನೆಲ್‌ಗಳ ನಡುವಿನ ಕೆಂಪು ಪಿನ್ನುಗಳೂ ಒಳಗೆ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಅಂದರೆ ಸ್ಟೇರಿಂಗ್ ಸರ್ವೊ, ಲೈಟು, ಫ್ಯಾನು, ರಿಸೀವರ್ ಎಲ್ಲಾ ಒಂದೇ ತಟ್ಟೆಯಲ್ಲಿ ಊಟಕ್ಕೆ ಕೂತ ಹಾಗೆ. ನನ್ನ ಇಎಸ್‌ಸಿಯ ಬಿಇಸಿ ಕೊಡುವುದು 3 ಆಂಪ್. ದೊಡ್ಡ ಸರ್ವೊ ಚಕ್ರ ಸಿಕ್ಕಿಕೊಂಡು ತಿರುಗಲಾಗದೆ ನಿಂತರೆ ಒಂದೇ ಅಷ್ಟನ್ನೂ ಎಳೆಯಬಲ್ಲದು.

ಕಣ್ಣಿಗೆ ಕಾಣುವುದು ಹೀಗೆ. ಎಡಚಕ್ರ ಎರಡು ಕಲ್ಲಿನ ನಡುವೆ ಸಿಕ್ಕಿದೆ. ನೀವು ಸ್ಟೇರಿಂಗ್ ಪೂರ್ತಿ ಬಲಕ್ಕೆ ಹಿಡಿದಿದ್ದೀರಿ. ಸರ್ವೊ ಸಣ್ಣಗೆ ಗುಂಯ್ ಅನ್ನುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ, ಸ್ಟೇರಿಂಗ್ ಬಿಟ್ಟ ತಕ್ಷಣ ಮತ್ತೆ ಬೆಳಗುತ್ತದೆ. ಟ್ರಾನ್ಸ್‌ಮಿಟರ್ ಪರದೆಯಲ್ಲಿ ರಿಸೀವರ್ ವೋಲ್ಟೇಜ್ 6.0ಯಿಂದ 5.2ಕ್ಕೆ ಇಳಿದಿದ್ದು ಕಂಡಿದ್ದೇನೆ. ನಿಜವಾದ ಕುಸಿತ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಪರದೆಯಾಗಲಿ ಸಾಮಾನ್ಯ ಮಲ್ಟಿಮೀಟರ್ ಆಗಲಿ ಮಿಲಿಸೆಕೆಂಡ್‌ಗಳ ಕುಸಿತ ತೋರಿಸುವಷ್ಟು ಚುರುಕಲ್ಲ. ಅದಕ್ಕಿಂತ ಹೆಡ್‌ಲೈಟೇ ಒಳ್ಳೆ ಮೀಟರ್.

ಬರೀ ಲೈಟ್ ಇದ್ದರೆ ಈ ದಾರಿ ಸಾಕು. ಫ್ಯಾನೂ ಪರವಾಗಿಲ್ಲ. ವಿಂಚ್ ಮಾತ್ರ ಬೇಡ. ವಿಂಚ್ ಎಳೆಯುವಾಗಲೇ ಸ್ಟೇರಿಂಗ್ ತಿರುಗಿಸುವ ಸಂದರ್ಭ ಬಂದೇ ಬರುತ್ತದೆ. ಎರಡೂ ಒಟ್ಟಿಗೆ ಎಳೆದಾಗ ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಖಾಲಿ ಚಾನೆಲ್‌ಗೆ 4700 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಹಾಕಿದರೆ ಚಿಕ್ಕ ಕುಸಿತಗಳು ತುಂಬಿಕೊಳ್ಳುತ್ತವೆ. ಸರ್ವೊ ಒಂದೇ ಸಮನೆ ಒತ್ತಿ ಹಿಡಿದರೆ ಅದೂ ಕೈಚೆಲ್ಲುತ್ತದೆ.

ಇನ್ನೊಂದು ಸಿಕ್ಕು ಇದೆ. ಕೆಲವು ಇಎಸ್‌ಸಿಯಲ್ಲಿ ಬಿಇಸಿಯನ್ನು 6 ಅಥವಾ 7.4 ವೋಲ್ಟ್‌ಗೆ ಇಡಬಹುದು. ಹೈವೋಲ್ಟೇಜ್ ಸರ್ವೊ ತಂದವರು ಖುಷಿಯಾಗಿ 7.4ಕ್ಕೆ ಏರಿಸುತ್ತಾರೆ. ಆಗ ಲೈಟಿಗೂ 7.4 ಹೋಗುತ್ತದೆ. 6 ವೋಲ್ಟ್‌ಗೆ ಅಂತ 150 ಓಮ್ ರೆಸಿಸ್ಟರ್ ಹಾಕಿದ ಬಿಳಿ ಎಲ್‌ಇಡಿಯಲ್ಲಿ 19 ಮಿಲಿಆಂಪ್ ಹರಿಯುತ್ತಿದ್ದದ್ದು 29ರ ಹತ್ತಿರಕ್ಕೆ ಹೋಗುತ್ತದೆ. ಒಂದೂವರೆ ಪಟ್ಟು. ಮೊದಲು ಝಗಮಗ ಅನ್ನುತ್ತದೆ, ಆಮೇಲೆ ಒಂದೊಂದಾಗಿ ಕಣ್ಣು ಮುಚ್ಚುತ್ತವೆ.

ಬ್ಯಾಲೆನ್ಸ್ ವೈರ್‌ನಿಂದ ಕದಿಯೋದು

ಚಾರ್ಜ್ ಮಾಡುವಾಗ ಬಳಸುವ ಬಿಳಿ ಪ್ಲಗ್ ಇದೆಯಲ್ಲ, ಅದರಿಂದ. 2ಎಸ್‌ನಲ್ಲಿ ಮೂರು ಪಿನ್. ಆ ಕಡೆ ಈ ಕಡೆಯ ಎರಡು ಪಿನ್ ಹಿಡಿದರೆ ಪೂರ್ತಿ ಬ್ಯಾಟರಿ ವೋಲ್ಟೇಜ್ ಸಿಗುತ್ತದೆ. ಬಿಇಸಿಯನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಸ್ಟೇರಿಂಗ್ ನೆಮ್ಮದಿಯಾಗಿರುತ್ತದೆ. ಸೋಲ್ಡರ್ ಕೆಲಸವೂ ಇಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ?

ನನಗೆ ಇದು ಹಿಡಿಸಲೇ ಇಲ್ಲ. ಮೊದಲನೆಯದು, ನಡು ಪಿನ್ ಹಿಡಿದು "3.7 ವೋಲ್ಟ್ ಸಿಕ್ತು, ಎಲ್‌ಇಡಿಗೆ ಸರಿಹೋಯ್ತು" ಅನ್ನುವವರಿದ್ದಾರೆ. ಆಗ ಒಂದೇ ಸೆಲ್ ಖಾಲಿಯಾಗುತ್ತಾ ಹೋಗುತ್ತದೆ. ಬ್ಯಾಟರಿ ತೀರಾ ಇಳಿದಾಗ ಮೋಟರ್ ನಿಲ್ಲಿಸುವ ಇಎಸ್‌ಸಿಯ ಕಟ್‌ಆಫ್ ನೋಡುವುದು ಎರಡೂ ಸೆಲ್ಲಿನ ಒಟ್ಟು ವೋಲ್ಟೇಜನ್ನು. ಒಂದು 3.6, ಇನ್ನೊಂದು 3.0 ಇದ್ದರೂ ಒಟ್ಟು 6.6 ಅಂತ ಅದು ಸುಮ್ನೆ ಇರುತ್ತದೆ. ಎರಡನೆಯದು, ಈ ಎಕ್ಸ್‌ಎಚ್ ಪ್ಲಗ್‌ನ ಪಿನ್ನಿಗೆ 3 ಆಂಪ್ ಮಿತಿ, ವೈರೂ ತೆಳು. ಲೈಟಿಗೆ ಧಾರಾಳ, ವಿಂಚಿಗೆ ಆಗದು. ಪ್ರತಿಸಲ ಎಳೆದು ಕಿತ್ತು ಮಾಡುವುದರಿಂದ ಪ್ಲಗ್‌ನ ಬುಡದಲ್ಲಿ ವೈರ್ ಸವೆಯುತ್ತದೆ. ಬ್ಯಾಟರಿ ಇಳಿದಾಗ ಕೂಗುವ ಲಿಪೊ ಅಲಾರಂ ಹಾಕಬೇಕಾದ ಜಾಗವೂ ಅದೇ.

ಇವೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಲೈಟ್ ಕಂಟ್ರೋಲರ್‌ನಿಂದ ರಿಸೀವರ್‌ಗೆ ಸಿಗ್ನಲ್ ವೈರ್ ಹೋಗುತ್ತದೆ, ಜೊತೆಗೆ ಮೈನಸ್ ವೈರೂ ಹೋಗುತ್ತದೆ. ಅಲ್ಲಿಗೆ ಬ್ಯಾಟರಿಯ ಮೈನಸ್‌ಗೆ ಎರಡು ದಾರಿ ಆಯಿತು: ದಪ್ಪ ಮೇನ್ ವೈರ್ ಒಂದು, ಬ್ಯಾಲೆನ್ಸ್‌ನ ತೆಳು ವೈರ್ ಇನ್ನೊಂದು. ಮೇನ್ ಕನೆಕ್ಟರ್‌ನ ಮೈನಸ್ ಪಿನ್ ಮಾತ್ರ ಸಡಿಲವಾಯಿತು ಅಂದುಕೊಳ್ಳಿ. ಮೋಟರ್ ಎಳೆಯುವ ಆಂಪ್‌ಗಳೆಲ್ಲ ಇಎಸ್‌ಸಿಯಿಂದ ರಿಸೀವರ್‌ಗೆ, ಅಲ್ಲಿಂದ ಲೈಟ್ ಕಂಟ್ರೋಲರ್‌ಗೆ, ಅಲ್ಲಿಂದ ಆ ಕೂದಲೆಳೆ ವೈರಿನ ಮೂಲಕ ಬ್ಯಾಟರಿಗೆ ವಾಪಸ್ ಹೋಗಲು ನೋಡುತ್ತವೆ. ಮೊದಲು ಕರಗುವುದು ಯಾವುದು ಅಂತ ಊಹಿಸಿ. ಈ ದಾರಿಯಲ್ಲೇ ಹೋಗ್ತೀನಿ ಅನ್ನುವವರು ಇಷ್ಟಾದರೂ ಮಾಡಿ: ಹಾಕುವಾಗ ಮೇನ್ ಕನೆಕ್ಟರ್ ಮೊದಲು, ಬ್ಯಾಲೆನ್ಸ್ ಆಮೇಲೆ. ತೆಗೆಯುವಾಗ ಬ್ಯಾಲೆನ್ಸ್ ಮೊದಲು.

ಮೇನ್ ವೈರಿನಿಂದಲೇ ತೆಗೆದು ಇಳಿಸೋದು

ಬ್ಯಾಟರಿ ಸೇರಿಸುವ ಮೇನ್ ಕನೆಕ್ಟರ್ (ನನ್ನದು ಎಕ್ಸ್‌ಟಿ60) ಇದೆಯಲ್ಲ, ಇಎಸ್‌ಸಿ ಕಡೆಯ ಅದರ ಬೆನ್ನಿಗೆ ಇನ್ನೊಂದು ಜೊತೆ ವೈರ್ ಸೋಲ್ಡರ್ ಮಾಡಿ, ವೋಲ್ಟೇಜ್ ಇಳಿಸುವ ಏನಾದರೊಂದನ್ನು ಹಾಕುವುದು. ಕನೆಕ್ಟರ್ ಆದ ಮೇಲೆ ತೆಗೆಯುವುದರಿಂದ ಮೈನಸ್‌ನ ಎರಡು ದಾರಿಯ ತಲೆನೋವು ಇಲ್ಲಿಲ್ಲ. ಪಿನ್ ಸಡಿಲವಾದರೆ ಎಲ್ಲವೂ ಒಟ್ಟಿಗೆ ಸಾಯುತ್ತದೆ. ಇಳಿಸಲು ನಾನು ಹಾಕಿ ನೋಡಿದ್ದು ಮೂರು.

7805 ರೆಗ್ಯುಲೇಟರ್ ಬೆಂಗಳೂರಿನ ಎಸ್‌ಪಿ ರೋಡಿನ ಯಾವ ಅಂಗಡಿಯಲ್ಲಾದರೂ ಚಿಲ್ಲರೆ ಕಾಸಿಗೆ ಸಿಗುತ್ತದೆ. ಇದು ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಹೊರಹಾಕುತ್ತದೆ, ಅಷ್ಟೇ. 2ಎಸ್ ಫುಲ್ ಚಾರ್ಜ್ 8.4 ವೋಲ್ಟ್. ಅದನ್ನು 5ಕ್ಕೆ ಇಳಿಸಿ 240 ಮಿಲಿಆಂಪ್ ಕೊಟ್ಟರೆ 0.8 ವ್ಯಾಟ್ ಬಿಸಿ. ಬೆರಳಿಟ್ಟರೆ ಚುರುಕ್ ಅನ್ನುತ್ತದೆ, ಆದರೂ ತಡೆಯುತ್ತದೆ. 3ಎಸ್ ಹಾಕಿದರೆ 1.8 ವ್ಯಾಟ್. ಹೀಟ್‌ಸಿಂಕ್ ಇಲ್ಲದೆ ಮುಚ್ಚಿದ ಬಾಡಿಯೊಳಗೆ ಅದು ತನ್ನನ್ನು ತಾನೇ ಆಫ್ ಮಾಡಿಕೊಳ್ಳುವ ಹಂತಕ್ಕೆ ಹೋಗುತ್ತದೆ. ಜೊತೆಗೆ 5 ವೋಲ್ಟ್ ಕೊಡಲು ಅದಕ್ಕೆ ಸುಮಾರು 7 ವೋಲ್ಟ್ ಬೇಕು. 2ಎಸ್ ಕೊನೆಗೆ ಬಂದು 6.6 ಆದಾಗ ಲೈಟ್ ಮಂಕಾಗುತ್ತದೆ. ಒಂದು ಗುಣ ಹೇಳಲೇಬೇಕು: ಕರೆಂಟ್ ಶುದ್ಧ. ಹಳೇ ಕಾಲದ ಅನಲಾಗ್ ಎಫ್‌ಪಿವಿ ಕ್ಯಾಮೆರಾ (ಗಾಡಿಯಿಂದ ನೇರ ಚಿತ್ರ ಕಳಿಸುವಂಥದ್ದು) ಕೂರಿಸಿದಾಗ ಚಿತ್ರದಲ್ಲಿ ಗೆರೆ ಕಡಿಮೆ ಇದ್ದದ್ದು ಇದರಲ್ಲೇ.

ಎಲ್‌ಎಂ2596 ಬಕ್ ಬೋರ್ಡು (ಕರೆಂಟನ್ನು ಬೇಗ ಬೇಗ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವಂಥದ್ದು) ಇನ್ನೊಂದು. ನೂರು ರೂಪಾಯಿಯೊಳಗೆ ಬರುತ್ತದೆ, ಬಿಸಿ ಕಡಿಮೆ, ನೀಲಿ ಡಬ್ಬಿಯ ಮೇಲಿನ ಪುಟ್ಟ ಸ್ಕ್ರೂ ತಿರುಗಿಸಿ ಬೇಕಾದ ವೋಲ್ಟೇಜ್ ಇಟ್ಟುಕೊಳ್ಳಬಹುದು. ಅಂಗಡಿಯಿಂದ ತಂದ ತಕ್ಷಣ ಲೈಟಿಗೆ ಹಾಕಬೇಡಿ, ಸ್ಕ್ರೂ ಎಲ್ಲಿ ನಿಂತಿರುತ್ತದೋ ಗೊತ್ತಿಲ್ಲ. ಮೊದಲು ಮಲ್ಟಿಮೀಟರ್ ಹಿಡಿದು ಸೆಟ್ ಮಾಡಿ, ಸ್ಕ್ರೂ ಮೇಲೆ ಒಂದು ಹನಿ ನೇಲ್‌ಪಾಲಿಶ್ ಬಿಡಿ, ಅಲುಗಾಟಕ್ಕೆ ತಿರುಗದಿರಲಿ. 3 ಆಂಪ್ ಅಂತ ಬರೆದಿದ್ದರೂ ಹೀಟ್‌ಸಿಂಕ್ ಇಲ್ಲದೆ 2ಕ್ಕಿಂತ ಜಾಸ್ತಿ ಕೇಳುವುದು ಬೇಡ. ಇದಕ್ಕೂ ಮೇಲೊಂದಿಷ್ಟು ವೋಲ್ಟ್ ಅಂತರ ಬೇಕು, ಹಾಗಾಗಿ 2ಎಸ್‌ನಿಂದ 6 ವೋಲ್ಟ್ ಕೊನೆತನಕ ಸಿಗಲ್ಲ. 5ಕ್ಕೆ ಇಟ್ಟರೆ ತೊಂದರೆಯಿಲ್ಲ. ಬೋರ್ಡು ಬೆತ್ತಲೆ, ಗಾತ್ರವೂ ದೊಡ್ಡದು. ಹಳ್ಳ ದಾಟಿಸುವ ಗಾಡಿಗೆ ನಾನು ಹಾಕಲ್ಲ.

ಮೂರನೆಯದು ಆರ್‌ಸಿಗೆಂದೇ ಬರುವ ಬೇರೆ ಬಿಇಸಿ, ಯುಬಿಇಸಿ ಅಂತ ಕೇಳಿದರೆ ಕೊಡುತ್ತಾರೆ. ಇದೂ ಬಕ್ಕೇ. ಆದರೆ ಹೀಟ್‌ಶ್ರಿಂಕ್ ಹೊದ್ದಿರುತ್ತದೆ, ತುದಿಯಲ್ಲಿ ಸರ್ವೊ ಪ್ಲಗ್, ವೈರಿಗೆ ಫೆರೈಟ್ ಉಂಗುರ. 5 ಅಥವಾ 6 ವೋಲ್ಟ್‌ಗೆ ಒಂದು ಜಂಪರ್. 3 ಆಂಪ್‌ನದು ಕೆಲವು ನೂರು ರೂಪಾಯಿ, ಹೊರದೇಶದ ಹತ್ತು ಆಂಪ್‌ನವು ದುಬಾರಿ. ನನ್ನ ಓಟು ಇದಕ್ಕೇ.

ಆದರೆ ಅದನ್ನು ಲೈಟಿಗೆ ಹಾಕಬೇಡಿ!

ಜಾಸ್ತಿ ಜನ ಬೇರೆ ಬಿಇಸಿ ತಂದು ಲೈಟು, ಫ್ಯಾನಿಗೆ ಕೊಟ್ಟು, ಸರ್ವೊವನ್ನು ಇಎಸ್‌ಸಿಯ ಬಿಇಸಿ ಮೇಲೇ ಬಿಡುತ್ತಾರೆ. 240 ಮಿಲಿಆಂಪ್‌ನ ಲೈಟಿಗೆ ಹೊಸ ಮನೆ, 3 ಆಂಪ್‌ನ ಸರ್ವೊಗೆ ಹಳೇ ಇಕ್ಕಟ್ಟು. ಇದನ್ನು ತಿರುಗಾಮುರುಗಾ ಮಾಡಿ. ಸರ್ವೊದ ಕೆಂಪು ವೈರನ್ನು ರಿಸೀವರ್‌ನಿಂದ ಬಿಡಿಸಿ, ಹೊಸ ಬಿಇಸಿಯ ಕೆಂಪಿಗೆ ಕೊಡಿ. ಸಿಗ್ನಲ್ ವೈರು ರಿಸೀವರ್‌ನಲ್ಲೇ ಇರಲಿ. ಸರ್ವೊ, ರಿಸೀವರ್, ಹೊಸ ಬಿಇಸಿ ಮೂರಕ್ಕೂ ಮೈನಸ್ ಒಂದೇ ಆಗಿರಬೇಕು, ಇಲ್ಲದಿದ್ದರೆ ಸರ್ವೊ ನಡುಗುತ್ತದೆ ಅಥವಾ ಅಲುಗುವುದೇ ಇಲ್ಲ. ಲೈಟು, ಫ್ಯಾನು, ರಿಸೀವರ್ ಹಳೇ ಬಿಇಸಿ ಮೇಲೆ ಆರಾಮಾಗಿರುತ್ತವೆ. ಹೀಗೆ ಮಾಡಿದ ಮೇಲೆ ಅದೇ ಎರಡು ಕಲ್ಲಿನ ನಡುವೆ ಚಕ್ರ ಸಿಕ್ಕಿಸಿ ಸ್ಟೇರಿಂಗ್ ಎಳೆದಾಗ ಹೆಡ್‌ಲೈಟ್ ಮಿಸುಕಲಿಲ್ಲ. ಪರದೆಯಲ್ಲಿ 6.0 ಹಾಗೇ ನಿಂತಿತ್ತು.

ಕೆಲವರು ಹೊಸ ಬಿಇಸಿಯನ್ನು ನೇರ ರಿಸೀವರ್‌ಗೇ ಚುಚ್ಚುತ್ತಾರೆ. ಆಗ ಇಎಸ್‌ಸಿ ಪ್ಲಗ್‌ನ ಕೆಂಪು ಪಿನ್ ಹೊರಗೆ ತೆಗೆದು, ತುದಿಗೆ ಹೀಟ್‌ಶ್ರಿಂಕ್ ಹಾಕಿ ಮಡಚಿಡಬೇಕು. ಎರಡು ಬಿಇಸಿ ಒಂದೇ ಕಡೆ ಕರೆಂಟ್ ಸುರಿಯಬಾರದು. ಇದೂ ಕೆಲಸ ಮಾಡುತ್ತದೆ. ಆದರೆ ಸರ್ವೊ ಮತ್ತು ರಿಸೀವರ್ ಮತ್ತೆ ಜೊತೆಗೇ ಉಳಿಯುತ್ತವೆ, ಅದಕ್ಕೇ ನನಗೆ ಮೊದಲಿನದೇ ಇಷ್ಟ.

ಈ ದಾರಿಯ ಕೆಟ್ಟ ಗುಣ ಒಂದಿದೆ. ಇಎಸ್‌ಸಿಯ ಸ್ವಿಚ್ ಆಫ್ ಮಾಡಿದರೂ ಬೇರೆ ಬಿಇಸಿ ಆಫ್ ಆಗಲ್ಲ. ಬ್ಯಾಟರಿ ಕನೆಕ್ಟರ್‌ಗೆ ನೇರ ಸೇರಿಸಿದ್ದಲ್ವಾ? ಅದರ ಮೇಲಿನ ಪುಟ್ಟ ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ಸರ್ವೊ ಕೂಡ ಸ್ವಲ್ಪ ಎಳೆಯುತ್ತಿರುತ್ತದೆ. ಲೋ ವೋಲ್ಟೇಜ್ ಕಟ್‌ಆಫ್ ನಿಲ್ಲಿಸುವುದು ಮೋಟರನ್ನು ಮಾತ್ರ. ಬ್ಯಾಟರಿ ಬಿಚ್ಚದೆ ಗಾಡಿಯನ್ನು ಕಪಾಟಿನಲ್ಲಿಟ್ಟರೆ ಸೆಲ್ಲುಗಳು 3 ವೋಲ್ಟ್‌ಗಿಂತ ಕೆಳಗಿಳಿದು, ಉಬ್ಬಿ, ಕಸಕ್ಕೆ ಹೋಗುತ್ತವೆ. ಬಿಇಸಿಯ ಕೆಂಪು ವೈರಿನಲ್ಲಿ ಒಂದು ಸ್ಲೈಡ್ ಸ್ವಿಚ್ ಹಾಕಬಹುದು. ನಾನು ಹಾಕಿಲ್ಲ, ನೀರು ಸೇರುವ ಇನ್ನೊಂದು ಜಾಗ ಯಾಕೆ ಅಂತ. ಗಾಡಿ ನಿಲ್ಲಿಸಿದ ಕೂಡಲೇ ಕನೆಕ್ಟರ್ ಕಿತ್ತುಬಿಡುತ್ತೇನೆ.

ವಿಂಚ್

ವಿಂಚಿಗೆ ಬಿಇಸಿಯೇ ಬೇಡ. ಅದರದ್ದೇ ಕಂಟ್ರೋಲರ್, ಅದಕ್ಕೆ ಮೇನ್ ಬ್ಯಾಟರಿಯಿಂದ ನೇರ ಕರೆಂಟ್, ರಿಸೀವರ್‌ನ ಮೂರನೇ ಚಾನೆಲ್‌ನಿಂದ ಸಿಗ್ನಲ್ ಮಾತ್ರ. ಹಗ್ಗ ಬಿಗಿದು ನಿಂತಾಗ ಹಲವು ಆಂಪ್ ಎಳೆಯುತ್ತದೆ, ಆದ್ದರಿಂದ ವೈರ್ 18 ಗೇಜ್‌ನದು ಇರಲಿ. ನಡುವೆ ಬೈಕ್ ಸ್ಪೇರ್ ಅಂಗಡಿಯಲ್ಲಿ ಸಿಗುವ ಬ್ಲೇಡ್ ಫ್ಯೂಸ್ ಒಂದು, 7.5 ಆಂಪ್‌ನದು. ಹೋಲ್ಡರ್ ಸಮೇತ ತಗೊಳ್ಳಿ. ಬ್ಯಾಟರಿಗೆ ನೇರ ಸೇರುವ ಯಾವ ವೈರೂ ಫ್ಯೂಸ್ ಇಲ್ಲದೆ ಇರಬಾರದು ಅನ್ನುವುದು ನನ್ನ ಹಟ. ಇಷ್ಟು ಚಿಕ್ಕ ಲಿಪೊ ಶಾರ್ಟ್ ಆದರೂ ನೂರಾರು ಆಂಪ್ ಕಕ್ಕಬಲ್ಲದು.

ಬೇರೆ ಪುಟ್ಟ ಬ್ಯಾಟರಿ?

ಮೇನ್ ಬ್ಯಾಟರಿ ಮುಟ್ಟುವುದೇ ಬೇಡ ಅನ್ನುವವರು ನಾಲ್ಕು ಎಎಎ ಸೆಲ್ ಹಾಕುತ್ತಾರೆ. ಶೋಕೇಸ್ ಗಾಡಿಗೆ ಓಕೆ. ಕ್ರಾಲರ್‌ನಲ್ಲಿ ಜಾಗ ಸಿಗುವುದು ಬಾಡಿಯ ಮೇಲ್ಭಾಗದಲ್ಲಿ. ಸುಮಾರು 50 ಗ್ರಾಂ ಭಾರವನ್ನು ತಲೆ ಮೇಲೆ ಹೊತ್ತು ಗಾಡಿ ಓರೆ ಬಂಡೆಯಲ್ಲಿ ಬೇಗ ಮಗುಚುತ್ತದೆ. ಚಾರ್ಜ್ ಮಾಡಲು ನೆನಪಿಡಬೇಕಾದ ಇನ್ನೊಂದು ವಸ್ತು ಬೇರೆ.

2ಎಸ್‌ನಲ್ಲಿ ಎಲ್ಲ ಸರಿಯಾಗಿದೆ ಅಂತ 3ಎಸ್ ಹಾಕುವ ಮೊದಲು ಬ್ಯಾಟರಿಗೆ ನೇರ ಸೇರಿರುವ ಪ್ರತಿಯೊಂದರ ಮೇಲೂ ಏನು ಬರೆದಿದೆ ಓದಿ. ಬಿಇಸಿಯ ಹಿಂದೆ ಇರುವ ಲೈಟು, ಸರ್ವೊಗೆ ಅದು ಗೊತ್ತೇ ಆಗಲ್ಲ, ಅವಕ್ಕೆ ಅದೇ 6 ವೋಲ್ಟ್. ಆದರೆ ವಿಂಚಿನ ಮೋಟರಿಗೆ 8.4 ಇದ್ದದ್ದು 12.6 ಆಗುತ್ತದೆ. ಫ್ಯಾನನ್ನು ಮೋಟರ್‌ನ ವೈರಿಗೆ ಸಿಕ್ಕಿಸಿದ್ದರೆ ಅದಕ್ಕೂ ಅಷ್ಟೇ, ಜೊತೆಗೆ ರಿವರ್ಸ್ ಹಾಕಿದಾಗ ಅದು ಉಲ್ಟಾ ತಿರುಗಲು ನೋಡುತ್ತದೆ. ಫ್ಯಾನನ್ನು ರಿಸೀವರ್‌ಗೆ ವರ್ಗ ಮಾಡಿ. ವಿಂಚ್ ಕಂಟ್ರೋಲರ್ 3ಎಸ್ ತಡೆಯುತ್ತೆ ಅಂತ ಬರೆದಿದ್ದರೆ ಮಾತ್ರ ಆ ಬ್ಯಾಟರಿ ಹಾಕಿ.