ಗರಾಜ್ ಬಾಗಿಲ ಸ್ಪ್ರಿಂಗ್ ಮುರಿದರೆ ಬಟನ್ ಒತ್ತಬೇಡಿ, ಬಂದವರು ಹೇಳಿದ ರೇಟಿಗೆ ತಕ್ಷಣ ಒಪ್ಪಬೇಡಿ

ಅಮೆರಿಕದಲ್ಲಿ ಗರಾಜ್ ಇರುವ ಮನೆಯಲ್ಲಿರುವವರು, ಅದರಲ್ಲೂ ಊರಿಂದ ಅಪ್ಪ ಅಮ್ಮ ಬಂದಿದ್ದರೆ, ದಯವಿಟ್ಟು ಇದನ್ನು ಓದಿ, ಅವರಿಗೂ ಹೇಳಿ.

ಕಳೆದ ಚಳಿಗಾಲ ಡಲ್ಲಾಸ್ ಹತ್ತಿರದ ನಮ್ಮ ಮನೆಯ ಗರಾಜ್‌ನಲ್ಲಿ ಬೆಳಗಿನ ಜಾವ ಗುಂಡು ಹಾರಿದ ಹಾಗೆ ಸದ್ದಾಯಿತು. ಹೋಗಿ ನೋಡಿದರೆ ಏನೂ ಬಿದ್ದಿರಲಿಲ್ಲ. ಆಮೇಲೆ ಬಟನ್ ಒತ್ತಿದರೆ ಬಾಗಿಲು ಒಂದು ಗೇಣು ಎದ್ದು ನಿಂತುಬಿಟ್ಟಿತು, ಮೋಟರ್ ಗುರ್ ಅನ್ನುತ್ತಲೇ ಇತ್ತು. ತಲೆ ಎತ್ತಿ ನೋಡಿದಾಗ ಬಾಗಿಲ ಮೇಲಿನ ಅಡ್ಡ ಕಂಬಿಯಲ್ಲಿರುವ ಎರಡು ಸ್ಪ್ರಿಂಗ್‌ಗಳಲ್ಲಿ ಒಂದರ ಸುರುಳಿ ನಡುವೆ ಎರಡು ಬೆರಳು ತೂರುವಷ್ಟು ಸಂದು ಕಂಡಿತು. ಈ ಸಂದು ಕಂಡರೆ ಮುಗಿಯಿತು, ಸ್ಪ್ರಿಂಗ್ ಮುರಿದಿದೆ. ಬಾಗಿಲು ಒಂದು ಕಡೆ ವಾಲಿದ್ದರೂ ಕೇಬಲ್ ಜೋತುಬಿದ್ದಿದ್ದರೂ ಅನುಮಾನ ಪಡಿ.

ಬಾಗಿಲು ಎತ್ತುವುದು ಮೋಟರ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಎರಡು ಕಾರಿನ ಬಾಗಿಲು ಸುಮಾರು 70 ಕೆಜಿ, ಕೆಲವು ಅದಕ್ಕಿಂತ ಜಾಸ್ತಿ ತೂಗುತ್ತವೆ. ಆ ಭಾರವನ್ನೆಲ್ಲ ಹೊರುವುದು ಸ್ಪ್ರಿಂಗ್, ಮೋಟರ್ ಸುಮ್ನೆ ಎಳೆದುಕೊಂಡು ಹೋಗುತ್ತದೆ ಅಷ್ಟೇ. ಮುರಿದ ಮೇಲೂ ಬಟನ್ ಒತ್ತುತ್ತಾ ಹೋದರೆ ಮೋಟರ್ ಗೇರ್ ಕೂಡ ಹಾಳು. ಇನ್ನೊಂದು, ಬಾಗಿಲು ಮೇಲೆ ಇದ್ದಾಗಲೇ ಸ್ಪ್ರಿಂಗ್ ಮುರಿದರೆ ಮೇಲಿಂದ ನೇತಾಡುವ ಕೆಂಪು ಹಗ್ಗ (ಬಾಗಿಲನ್ನು ಮೋಟರ್‌ನಿಂದ ಬಿಡಿಸುವುದು) ಎಳೆಯಲೇಬೇಡಿ. ಎಳೆದರೆ ಅಷ್ಟೂ ಭಾರ ಒಮ್ಮೆಲೇ ಕೆಳಗೆ ಬೀಳುತ್ತದೆ. ಮಕ್ಕಳನ್ನು ಆ ಕಡೆ ಬಿಡಬೇಡಿ.

ನಮ್ಮ ಮಾವನವರು ಏಣಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಟೇ ಬಿಟ್ಟಿದ್ದರು. ಕೈ ಹಿಡಿದು ನಿಲ್ಲಿಸಿದೆ. ಉಳಿದ ಸ್ಪ್ರಿಂಗ್ ಬಿಗಿಯಾಗಿ ಸುತ್ತಿಕೊಂಡೇ ಇರುತ್ತದೆ, ಅದರ ತಿರುಪು ಸಡಿಲಿಸಿದರೆ ತೂರಿಸಿದ ಸ್ಕ್ರೂಡ್ರೈವರ್ ಕೈ, ಮುಖ ಒಡೆದು ಹಾಕುತ್ತದೆ. ಅದಕ್ಕೆ ಬೇರೆಯೇ ಕಬ್ಬಿಣದ ಸಲಾಕೆ ಇದೆ, ಅಭ್ಯಾಸ ಇದ್ದವರೇ ಮಾಡಬೇಕು. ಬಾಗಿಲ ಕೆಳಮೂಲೆಯಲ್ಲಿ ಕೇಬಲ್ ಸಿಕ್ಕಿಸಿರುವ ಪಟ್ಟಿಯ ಸ್ಕ್ರೂ ಕೂಡ ಹಾಗೇ, ಮುಟ್ಟಬೇಡಿ.

ಇನ್ನು ರಿಪೇರಿಯವರ ವಿಷಯ. ಅದೇ ನನಗೆ ಜಾಸ್ತಿ ಸಿಟ್ಟು ತರಿಸಿದ್ದು. ಜಾಹೀರಾತಿನಲ್ಲಿ 29 ಡಾಲರ್ ಅಂತ ಇತ್ತು. ಬಂದವನು ಟಾರ್ಚ್ ಬಿಟ್ಟು ನೋಡಿ ರೋಲರ್, ಕೇಬಲ್, ಡ್ರಮ್, ಹೊಸ ಮೋಟರ್, 'ಜೀವಮಾನದ ಗ್ಯಾರಂಟಿ' ಸ್ಪ್ರಿಂಗ್ ಅಂತ ಸೇರಿಸಿ 1,400 ಡಾಲರ್ ಬರೆದ. ಈಗಲೇ ಹೂಂ ಅಂದರೆ 200 ಕಡಿಮೆಯಂತೆ! ಕಾರು ಒಳಗೆ ಸಿಕ್ಕಿಕೊಂಡಿದೆ ಅಂತ ಅವನಿಗೆ ಗೊತ್ತು, ಆ ಗಡಿಬಿಡಿಯೇ ಅವನ ಬಂಡವಾಳ. ಬೇಡ ಅಂದು ಕಳಿಸಿದೆವು. ಪಕ್ಕದ ಮನೆಯವರು ಹೇಳಿದ ಇನ್ನೊಬ್ಬರು ಬಂದು ಎರಡೂ ಸ್ಪ್ರಿಂಗ್ ಬದಲಿಸಿದರು, 340 ಡಾಲರ್ ಆಯಿತು. ರೋಲರ್, ಮೋಟರ್ ಎಲ್ಲಾ ಹಳೆಯವೇ, ಚೆನ್ನಾಗಿ ಓಡುತ್ತಿವೆ.

ಎರಡೂ ಬದಲಿಸಿ ಅಂದರೆ ಅದು ಮೋಸ ಅಲ್ಲ. ಸಾಮಾನ್ಯ ಸ್ಪ್ರಿಂಗ್ ಸುಮಾರು 10,000 ಸಲ ಬಾಗಿಲು ತೆರೆದು ಮುಚ್ಚುವುದಕ್ಕೆ ಮಾಡಿರುತ್ತಾರೆ, ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷದ ಆಸುಪಾಸು. ಒಂದು ಹೋದರೆ ಇನ್ನೊಂದರದ್ದೂ ಅದೇ ವಯಸ್ಸು ಅಲ್ವಾ? ಆದರೆ ಕೆಲಸ ಶುರುವಾಗುವ ಮುಂಚೆ ಒಟ್ಟು ರೇಟು, ಎಷ್ಟು ಸಲದ ಸ್ಪ್ರಿಂಗ್ ಅನ್ನುವುದನ್ನು ಬರೆಸಿಕೊಳ್ಳಿ.

ಸ್ಪ್ರಿಂಗ್ ಇನ್ನೂ ಚೆನ್ನಾಗಿದ್ದರೆ ಚಳಿಗೆ ಮುಂಚೆ ಒಮ್ಮೆ ಪರೀಕ್ಷೆ ಮಾಡಿ. ಬಾಗಿಲು ಪೂರ್ತಿ ಮುಚ್ಚಿ, ಆಮೇಲೆ ಕೆಂಪು ಹಗ್ಗ ಎಳೆದು, ಕೈಯಲ್ಲಿ ಸೊಂಟದವರೆಗೆ ಎತ್ತಿ. ಅಲ್ಲೇ ನಿಂತರೆ ಸರಿ ಇದೆ. ಕೆಳಗೆ ಜಾರುತ್ತಿದ್ದರೆ ಮೆಲ್ಲಗೆ ಇಳಿಸಿ, ಅದು ಮುರಿಯುವ ಮುಂಚೆಯೇ ನಂಬಿಕೆಯವರನ್ನು ಕರೆಸಿ.