ಕ್ಯಾನ್ಸರ್ ಆಸ್ಪತ್ರೆಯ ವಿಡಿಯೊ ಓಪಿಡಿ: ಡಾಕ್ಟರಿಗಿಂತ ಮೊದಲು ಮಾತಾಡುವವರು

ಜೋಯಿಡಾ ಕಡೆಯ ಹಳ್ಳಿಯಿಂದ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದೆಂದರೆ ಒಂದು ರಾತ್ರಿ ಬಸ್ಸು, ಮಾರನೇ ದಿನವಿಡೀ ಸಾಲು, ಮತ್ತೆ ರಾತ್ರಿ ಬಸ್ಸು. ಅಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಅಲ್ಲೇ ಆಯಿತು. ಕೀಮೋ ಹುಬ್ಬಳ್ಳಿಯಲ್ಲಿ, ಸಲಹೆ ಮಾತ್ರ ಬೆಂಗಳೂರಿನಿಂದ, ವಿಡಿಯೊ ಮೂಲಕ.

ಊರಿನಲ್ಲಿ ಎಲ್ಲರೂ ಕೇಳುವುದು ಡಾಕ್ಟರ್ ಹೇಗೆ ಅಂತ. ತುಂಬಾ ಒಳ್ಳೆಯವರು. ಆದರೆ ಈ ಸೇವೆ ನಿಂತಿರುವುದು ಅವರ ಹಿಂದೆ ತಾಂತ್ರಿಕ ಸಹಾಯಕ್ಕೆ ಕೂತಿರುವವರ ಮೇಲೆ. ಅಪಾಯಿಂಟ್‌ಮೆಂಟಿನ ಹಿಂದಿನ ದಿನವೇ ಅವರ ಫೋನ್ ಬರುತ್ತದೆ, ಕನ್ನಡದಲ್ಲಿ. ಸಿಟಿ ಸ್ಕ್ಯಾನಿನ ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೊ ಕಳಿಸಿದರೆ ಸಾಲದು ಅಂತ ತಾಳ್ಮೆಯಿಂದ ತಿಳಿಸಿ ಹೇಳಿದರು. ಸಿಡಿಯಲ್ಲಿ ನೂರಾರು ಡೈಕಾಮ್ ಚಿತ್ರಗಳಿರುತ್ತವೆ (ಸ್ಕ್ಯಾನ್ ಯಂತ್ರ ಉಳಿಸುವ ಮೂಲ ಚಿತ್ರಗಳು), ಡಾಕ್ಟರಿಗೆ ಅವೇ ಬೇಕು. ಇಡೀ ಫೋಲ್ಡರ್ ಜಿಪ್ ಮಾಡಿ, ರಾತ್ರಿ ಊಟದ ಮೇಲೆ ನೆಟ್‌ವರ್ಕ್ ಸ್ವಲ್ಪ ಸಿಗುವಾಗ ಹಾಕಿ ಎಂದರು. ನಡುವೆ ಸಿಗ್ನಲ್ ಹೋದರೂ ಅಪ್‌ಲೋಡ್ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಮ್ಮಂಥ ಕಾಡಿನ ಊರಿಗೆ ಇದು ಎಷ್ಟು ದೊಡ್ಡದು ಅಂತ ಇದನ್ನು ಮಾಡಿದವರಿಗೆ ಗೊತ್ತಿರಬೇಕು.

ಬಯಾಪ್ಸಿ ರಿಪೋರ್ಟಿನ ಝೆರಾಕ್ಸಿನಲ್ಲಿ ಇಆರ್, ಪಿಆರ್, ಹರ್-ಟು ಎಂಬ ಗೆಡ್ಡೆಯ ಪರೀಕ್ಷೆಗಳ ಫಲಿತಾಂಶ ಬರೆದಿದ್ದ ಪುಟವೇ ಬಂದಿರಲಿಲ್ಲ. ಅದನ್ನು ಕಂಡುಹಿಡಿದವರೂ ಅವರೇ. ಹಾರ್ಮೋನ್ ಮಾತ್ರೆ ಬೇಕೋ ಬೇಡವೋ ಅಂತ ನೋಡುವುದೇ ಆ ಪುಟದಲ್ಲಿ. ಅದಿಲ್ಲದೆ ಡಾಕ್ಟರ್ ಮುಂದೆ ಕೂತಿದ್ದರೆ ಆ ದಿನ ಸುಮ್ನೆ ಹೋಗುತ್ತಿತ್ತು, ಅಲ್ವಾ?

ವಿಡಿಯೊ ನಿಂತರೆ ಅವರೇ ಮಾಮೂಲಿ ಕರೆ ಮಾಡುತ್ತಾರೆ. ಪ್ರತಿ ಕೀಮೋಗೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ರಿಪೋರ್ಟ್ ಹಾಕುತ್ತೇವೆ. ಒಮ್ಮೆ ನ್ಯೂಟ್ರೋಫಿಲ್, ಅಂದರೆ ಸೋಂಕು ತಡೆಯುವ ಬಿಳಿ ರಕ್ತಕಣ, ತೀರಾ ಕಡಿಮೆ ಇತ್ತು. ಈ ವಾರ ಕೀಮೋ ಬೇಡ ಅಂತ ಸಂಜೆಯೊಳಗೆ ತಿಳಿಸಿದರು. ಸುಸ್ತಾಗಿದ್ದ ಅಮ್ಮ ಹುಬ್ಬಳ್ಳಿಗೆ ಹೋಗಿ ಹಾಗೇ ವಾಪಸ್ ಬರುವುದು ತಪ್ಪಿತು.

ಈಗ ಬೇಸರದ ಮಾತು. ಸಹಾಯವಾಣಿ ಸಂಜೆ ಮುಚ್ಚುತ್ತದೆ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಕಾಯಬಾರದು, ಬಿಳಿ ರಕ್ತಕಣ ಕಡಿಮೆ ಇರುವಾಗ ಸೋಂಕು ಬೇಗ ಏರುತ್ತದೆ. ಇದನ್ನು ನಮಗೆ ಹೇಳಿಕೊಟ್ಟದ್ದೂ ಅದೇ ಆಸ್ಪತ್ರೆ. ಅಮ್ಮನಿಗೆ ನಡುರಾತ್ರಿ ಜ್ವರ ಬಂದಾಗ ಆ ನಂಬರಿನಲ್ಲಿ ಸಿಕ್ಕಿದ್ದು ರೆಕಾರ್ಡ್ ಮಾಡಿದ ಇಂಗ್ಲಿಷ್ ದನಿ. ಜೀಪ್ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಓಡಿದೆವು. ಡ್ಯೂಟಿ ಡಾಕ್ಟರ್ ತಕ್ಷಣ ಆ್ಯಂಟಿಬಯಾಟಿಕ್ ಶುರು ಮಾಡಿದರು. ರಾತ್ರಿಗೆ ಒಬ್ಬ ನರ್ಸನ್ನಾದರೂ ಫೋನಿನ ಹತ್ತಿರ ಕೂರಿಸಬೇಕು. ಇದಕ್ಕಾಗಿಯೇ ಒಂದು ಸ್ಟಾರ್ ಕಡಿಮೆ, ನಾಲ್ಕು.

ಇನ್ನೊಂದು ವಿಷಯ. ನೋವು ಜಾಸ್ತಿ ಇರುವವರಿಗೆ ಬೇಕಾಗುವ ಮಾರ್ಫಿನ್ ಅನ್ನು ಫೋನ್ ಅಥವಾ ವಿಡಿಯೊದಲ್ಲಿ ಬರೆದುಕೊಡುವಂತಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಹಾಗಿದೆ. ಇದು ಆಸ್ಪತ್ರೆಯ ತಪ್ಪಲ್ಲ. ಆದರೆ ಹತ್ತಿರದಲ್ಲಿ ಅದನ್ನು ಕೊಡುವ ಡಾಕ್ಟರ್ ಯಾರು ಅಂತ ಮೊದಲೇ ಕೇಳಿಟ್ಟುಕೊಳ್ಳಿ, ನೋವು ಶುರುವಾದ ಮೇಲೆ ಹುಡುಕುವುದು ಬಹಳ ಕಷ್ಟ.

ಇಲ್ಲಿ ಮೊದಲ ಭೇಟಿಗೆ ರೋಗಿ ಖುದ್ದಾಗಿ ಹೋಗಲೇಬೇಕು. ಆಗಲೇ ಫೈಲ್ ನಂಬರ್, ಸಹಾಯವಾಣಿ ನಂಬರ್ ಎರಡನ್ನೂ ಬರೆಸಿಕೊಳ್ಳಿ. ಸ್ಕ್ಯಾನ್ ಮಾಡಿಸಿದ ಕಡೆ ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ.