ಮೂರು ವರ್ಷದಿಂದ ಸ್ಟೋರಿವೀವರ್: ಡಿಸ್ಲೆಕ್ಸಿಯಾ ಇರುವ ಮಗಳು ಕನ್ನಡ ಓದಿದ ಬಗೆ

ನನ್ನ ಮಗಳಿಗೆ ಈಗ 11 ವರ್ಷ. ಡಿಸ್ಲೆಕ್ಸಿಯಾ, ಅಂದರೆ ಜಾಣತನ ಇದ್ದರೂ ಅಕ್ಷರ, ಪದ ಓದುವುದು ಕಷ್ಟವಾಗುವ ಕಲಿಕೆಯ ತೊಂದರೆ, ಇದೆ ಅಂತ ಗೊತ್ತಾಗಿದ್ದು ಮೂರನೇ ಕ್ಲಾಸಿನಲ್ಲಿ. ಅಲ್ಲಿಯವರೆಗೆ ಶಾಲೆಯಿಂದ ಬರುತ್ತಿದ್ದ ಮಾತು ಒಂದೇ: ಹುಡುಗಿ ಜಾಣೆ, ಆದರೆ ಮನಸ್ಸಿಟ್ಟು ಓದಲ್ಲ. ಅದನ್ನು ನಂಬಿ ನಾನೂ ಎಷ್ಟೋ ಸಂಜೆ ಗದರಿದ್ದೇನೆ. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ವಾರಕ್ಕೆ ಎರಡು ದಿನ ವಿಶೇಷ ಶಿಕ್ಷಕಿಯ ಹತ್ತಿರ ಪಾಠ ಶುರುವಾಯಿತು. ಉಳಿದ ದಿನ ಮನೆಯಲ್ಲಿ ಏನು ಓದಿಸುವುದು? ಪಠ್ಯಪುಸ್ತಕ ಕಂಡರೆ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಮೊದಲು ದುಡ್ಡು ಕೊಟ್ಟು ಒಂದು ಓದುವ ಆ್ಯಪ್ ಹಾಕಿಸಿದೆವು. ನಕ್ಷತ್ರ, ಅಂಕ, ಓಡುವ ಗಡಿಯಾರ. ಅವಳು ಒಂದು ಪದಕ್ಕೆ ನಿಂತರೆ ಗಡಿಯಾರ ನಿಲ್ಲುತ್ತಿರಲಿಲ್ಲ. ಎರಡೇ ತಿಂಗಳಿಗೆ ತೆಗೆದುಹಾಕಿದೆವು. ಆಮೇಲೆ ಶಿಕ್ಷಕಿಯೇ ಹೇಳಿದ್ದು ಸ್ಟೋರಿವೀವರ್.

ಬೆಂಗಳೂರಿನ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ಜಾಲತಾಣ ಇದು. ಕನ್ನಡದಲ್ಲಿ ಬೇಕಾದಷ್ಟು ಕಥೆಗಳಿವೆ, ಎಲ್ಲ ಉಚಿತ. ಓದಿನ ಹಂತ ನಾಲ್ಕು. ಮೊದಲ ಹಂತದಲ್ಲಿ ಪುಟಕ್ಕೊಂದು ಚಿತ್ರ, ಒಂದೆರಡು ಸಾಲು. ಕೆಲವು ಕಥೆಗಳಿಗೆ ದನಿಯೂ ಇದೆ. ಓದುವವರ ದನಿ ಸಾಗಿದಂತೆ ಪರದೆಯ ಮೇಲೆ ಆಯಾ ಪದದ ಬಣ್ಣ ಬದಲಾಗುತ್ತದೆ.

ಆ ದನಿಯ ಕಥೆಗಳನ್ನು ಮೊದಲ ಮೂರು ತಿಂಗಳು ನಾವು ತಪ್ಪಾಗಿ ಬಳಸಿದೆವು. ಒಂದಾದ ಮೇಲೊಂದು ಕಥೆ ಹಾಕಿಕೊಟ್ಟೆ. ಅವಳಿಗೆ ಎಲ್ಲ ಬಾಯಿಪಾಠ ಬಂತು. ಪುಟ ತಿರುಗಿಸುತ್ತಾ ಗಡಗಡ ಹೇಳುತ್ತಿದ್ದಳು. ನಮಗೋ ಸಂಭ್ರಮ! ಒಂದು ದಿನ ಶಿಕ್ಷಕಿ ಚಿತ್ರದ ಮೇಲೆ ಕೈ ಇಟ್ಟು ಮುಚ್ಚಿ, ಸಾಲಿನ ಮಧ್ಯದ ಒಂದು ಪದ ತೋರಿಸಿದರು. 'ಬೆಕ್ಕು'. ಅವಳು ಆ ಪದವನ್ನು ನೋಡಿದಳು, ನನ್ನ ಮುಖ ನೋಡಿದಳು. ಓದಲು ಆಗಲಿಲ್ಲ. ಕಿವಿಯಿಂದ ಕಲಿತಿದ್ದಳು, ಕಣ್ಣು ಅಕ್ಷರದ ಮೇಲೆ ನಿಂತೇ ಇರಲಿಲ್ಲ.

ಅಲ್ಲಿಂದ ಕ್ರಮ ಬದಲಾಯಿಸಿದೆವು. ವಾರಕ್ಕೆ ಒಂದೇ ಕಥೆ, ದಿನಕ್ಕೆ 15 ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ಸೋಮವಾರ ದನಿಯ ಜೊತೆ, ಪದದ ಕೆಳಗೆ ಬೆರಳಿಟ್ಟು. ಮಂಗಳವಾರ ದನಿ ಬಂದ್, ನಾವಿಬ್ಬರೂ ಒಟ್ಟಿಗೆ. ಬುಧವಾರದಿಂದ ಕಾಗದ. ಪಿಡಿಎಫ್ ಇಳಿಸಿಕೊಂಡು ಅಂಗಡಿಯಲ್ಲಿ ದೊಡ್ಡ ಅಕ್ಷರಕ್ಕೆ ಪ್ರಿಂಟ್ ಹಾಕಿಸುತ್ತೇನೆ. ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಟಕಿ ಕತ್ತರಿಸಿದ್ದೇವೆ. ಅದನ್ನು ಜರುಗಿಸುತ್ತಾ ಓದುತ್ತಾಳೆ. ಶುಕ್ರವಾರ ಅಜ್ಜಿಗೆ ಓದಿ ಹೇಳುವುದು. ಬುಧವಾರ 14 ನಿಮಿಷ ಹಿಡಿದ ಕಥೆ ಶುಕ್ರವಾರ 6 ನಿಮಿಷಕ್ಕೆ ಮುಗಿದ ವಾರಗಳಿವೆ. ಹಾಗಂತ ನಾವು ಅವಳೆದುರು ಗಡಿಯಾರ ನೋಡುವುದಿಲ್ಲ.

ಒಂದು ವಿಷಯ ಪೋಷಕರಿಗೆ ಮೊದಲೇ ಗೊತ್ತಿರಬೇಕು. ಇಲ್ಲಿನ ಹಂತಗಳು ಕಥೆಯ ಉದ್ದ ಮತ್ತು ವಾಕ್ಯದ ಸರಳತೆ ನೋಡಿ ಮಾಡಿದವು, ಎಲ್ಲ ಮಕ್ಕಳಿಗಾಗಿ. ಒತ್ತಕ್ಷರದ ಲೆಕ್ಕ ನಾವೇ ಇಡಬೇಕು. ನಮ್ಮ ಮಗಳಿಗೆ ಕಷ್ಟವಾಗಿದ್ದು ಅಲ್ಲೇ. ಕ ಒತ್ತು ಕ ಥರವೇ ಕಾಣುತ್ತದೆ, ಆದರೆ ತ, ನ, ಮ, ಯ, ರ, ಲ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ, ಅಲ್ವಾ? ಅರ್ಕಾವತ್ತು ಇನ್ನೂ ಕಷ್ಟ. 'ಸೂರ್ಯ' ಎಂಬುದನ್ನು ಅವಳು ಒಂದು ವರ್ಷ 'ಸೂಯ್ರ' ಅಂತಲೇ ಓದಿದಳು. ಯೋಚಿಸಿದರೆ ಅವಳು ಕಂಡದ್ದನ್ನೇ ಓದುತ್ತಿದ್ದಳು. ಯ ಮೊದಲು ಕಾಣುತ್ತದೆ, ರಕಾರದ ಗುರುತು ಆಮೇಲೆ. ಬಾಯಲ್ಲಿ ಮಾತ್ರ ರಕಾರ ಮೊದಲು. ಶಿಕ್ಷಕಿ ರ ಬರೆದು ಅದರ ಕೆಳಗೆ ಯ ಒತ್ತು ಕೊಟ್ಟು ತೋರಿಸಿದರು. ತಕ್ಷಣ ಓದಿದಳು. ಈಗಲೂ ಪ್ರಿಂಟಿನಲ್ಲಿ ಅರ್ಕಾವತ್ತು ಬಂದ ಕಡೆ ಪೆನ್ಸಿಲಿನಲ್ಲಿ ಮೇಲೆ ಹಾಗೆ ಬರೆದುಕೊಡುತ್ತೇನೆ. ಹೋದ ತಿಂಗಳು 'ಕರ್ಪೂರ'ಕ್ಕೆ ಬರೆಯುವುದನ್ನು ಮರೆತಿದ್ದೆ. ಅವಳು ನಿಲ್ಲಲಿಲ್ಲ.

ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಕಲಿಕೆ ನಾಲ್ಕನೇ ಕ್ಲಾಸಿನವರೆಗೂ ಸಾಗುತ್ತದೆ ಎಂದಿದೆ. ಅದೂ ತೊಂದರೆಯಿಲ್ಲದ ಮಕ್ಕಳಿಗೆ. ಅದನ್ನು ತಿಳಿದ ದಿನ ನನ್ನ ಅವಸರ ಅರ್ಧ ಇಳಿಯಿತು.

ಈ ತಾಣದಲ್ಲಿ ನನಗೆ ಅತಿ ಇಷ್ಟವಾದದ್ದು ನಾವೇ ಕಥೆ ಬರೆಯುವ ಅವಕಾಶ. ಖಾತೆ ತೆರೆದು, ಅಲ್ಲಿರುವ ಚಿತ್ರಗಳನ್ನು ಆರಿಸಿ, ಕೆಳಗೆ ನಮ್ಮ ಸಾಲು ಸೇರಿಸಬಹುದು. ಮಗಳು ಬಾಯಲ್ಲಿ ಹೇಳಿದಳು, ನಾನು ಟೈಪ್ ಮಾಡಿದೆ. ಅಜ್ಜಿ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಹಲಸಿನ ಮರದ ಕೆಳಗೆ ಮಲಗಿದ ಕಥೆ. ಒಂಬತ್ತು ಪುಟ. ಎಮ್ಮೆ, ಅಜ್ಜಿ, ಹಗ್ಗ, ಹಳ್ಳ, ಎಲ್ಲ ಒತ್ತಿನ ಪದಗಳೇ. ಬೇರೆ ಕಡೆ ಇದೇ ಪದಗಳಿಗೆ ತಡವರಿಸುತ್ತಿದ್ದವಳು ಇದನ್ನು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ಈ ಸಲ ಬಾಯಿಪಾಠವೇ ಅಂತ ಪರೀಕ್ಷಿಸಲು ಪದಗಳನ್ನು ಚೀಟಿಯಲ್ಲಿ ಬರೆದು ಕಲೆಸಿ ಕೊಟ್ಟೆ. ಇಪ್ಪತ್ತರಲ್ಲಿ ಹದಿನೇಳು ಓದಿದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಸ್ಟೋರಿವೀವರ್ ಡಿಸ್ಲೆಕ್ಸಿಯಾಗಾಗಿ ಮಾಡಿದ್ದಲ್ಲ, ಅಕ್ಷರ ಕಲಿಸುವುದೂ ಇಲ್ಲ. ಆ ಕೆಲಸ ಶಿಕ್ಷಕಿಯದು. ಮಗುವಿನ ಕೈಗೆ ಸುಮ್ನೆ ಫೋನ್ ಕೊಟ್ಟು ಕೂರಿಸಿದರೆ ಏನೂ ಆಗುವುದಿಲ್ಲ, ಪಕ್ಕದಲ್ಲಿ ಒಬ್ಬರು ಬೇಕು. ತಪಾಸಣೆಯನ್ನೂ ಮುಂದೂಡಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ, ಡಿಸ್ಲೆಕ್ಸಿಯಾ ಬರುವುದು ಅದರಲ್ಲೇ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ದೊಡ್ಡ ಮಕ್ಕಳಿಗೆ ಮೊದಲ ಹಂತದ ಕಥೆ ಕೊಡುವಾಗ ಮಾತ್ರ ಹುಷಾರು, 'ಇದು ಪಾಪುಗಳದ್ದು' ಅಂತ ಅವಮಾನ ಆಗುತ್ತದೆ. ನಮ್ಮವಳಿಗೆ ಚಿಕ್ಕಪ್ಪನ ಮಗನಿಗೆ ಓದಿ ಹೇಳುವ ಕೆಲಸ ಕೊಟ್ಟೆವು. ಆಮೇಲೆ ತಕರಾರು ಬರಲಿಲ್ಲ.

ಈ ವಾರ ಮೊದಲ ಸಲ ಮೂರನೇ ಹಂತದ ಕಥೆ ತೆಗೆದುಕೊಂಡಿದ್ದೇವೆ. ಉದ್ದ ಜಾಸ್ತಿ, ಆದ್ದರಿಂದ ನಾಲ್ಕು ಭಾಗ ಮಾಡಿದ್ದೇವೆ. ನಿನ್ನೆ ಎರಡನೆಯದು ಮುಗಿಯಿತು. ಮಲಗುವ ಮುಂಚೆ ರಟ್ಟಿನ ಕಿಟಕಿಯನ್ನು ಮೂರನೇ ಭಾಗದ ಮೊದಲ ಸಾಲಿನ ಮೇಲೆ ತಾನೇ ಇಟ್ಟಿದ್ದಾಳೆ.